ಮುಖ ತೋರದ ವೀರ

ಕಥೆಯಲ್ಲಿ ವೀರನೊಬ್ಬನು ಬಂದರೆ ಬಾಲಕನು ಮೊದಲು ಅವನ ಮುಖವನ್ನು ನೋಡುವನು. ಬಾಹುಬಲದ ವಿಚಾರವು ಅನಂತರದ್ದು. ಆ ಮುಖದಲ್ಲಿ ತನ್ನ ಹೋಲಿಕೆಯ ಛಾಯೆ ಕಂಡರೆ ‘ನಾನೂ ಹೀಗಾಗಬಲ್ಲೆನು’ ಎಂಬ ಧೈರ್ಯವು ತಾನಾಗಿಯೇ ಅಂಕುರಿಸುವುದು. ಮಕ್ಕಳ ಕೈಗೆ ಚಿತ್ರಕಥೆಗಳನ್ನು ಕೊಡುವ ತಾಯಿತಂದೆಗಳು ಈ ಮಾತನ್ನು ಮರೆಯಬಾರದು. ಇದಕ್ಕೆ ನಿದರ್ಶನವಾಗಿ, ಮುಖವನ್ನೇ ತೋರದೆ ಮರೆಯಾಗಿ ಹೋದ ಒಬ್ಬ ಚಿತ್ರಕಥಾವೀರನ ವೃತ್ತಾಂತವನ್ನು ಈ ತಿಂಗಳು ವಾಚಕರ ಮುಂದಿಡುತ್ತೇನೆ.

ಎರಡನೆಯ ಮಹಾಯುದ್ಧದ ಕಾಲವು ಅಮೆರಿಕಾ ದೇಶದಲ್ಲಿ ಇಂಥ ವೀರರ ಸುಗ್ಗಿಯ ಕಾಲವಾಗಿತ್ತು. 1938ರಲ್ಲಿ ಸೂಪರ್‌ಮ್ಯಾನನು ಹುಟ್ಟಿದನು. 1941ರಲ್ಲಿ ಕ್ಯಾಪ್ಟನ್ ಅಮೆರಿಕಾ ಎಂಬಾತನು ತನ್ನ ಮೊದಲ ಸಂಚಿಕೆಯ ಮುಖಪುಟದಲ್ಲಿಯೇ ಹಿಟ್ಲರನಿಗೆ ಗುದ್ದುತ್ತ ಕಾಣಿಸಿಕೊಂಡನು. ಇವರ ಕೀರ್ತಿಯು ಇಂದಿಗೂ ಮಾಸಿಲ್ಲ. ಆದರೆ 1944ರಲ್ಲಿ ‘ಬ್ಲೇಜಿಂಗ್ ಕಾಮಿಕ್ಸ್’ ಎಂಬ ಪತ್ರಿಕೆಯಲ್ಲಿ ತಲೆದೋರಿದ ‘ಗ್ರೀನ್ ಟರ್ಟಲ್’, ಎಂದರೆ ಹಸುರಾಮೆ, ಎಂಬ ವೀರನ ಹೆಸರನ್ನು ಕೇಳಿದವರು ವಿರಳ. ಇವನನ್ನು ಸೃಷ್ಟಿಸಿದವನು ಚೂ ಹಿಂಗ್ ಎಂಬ ಚೀನಾ ಮೂಲದ ಅಮೆರಿಕನ್ ಚಿತ್ರಕಾರನು.

ಹಸುರಾಮೆಯು ಚೀನಾ ದೇಶದ ನೆಲದಲ್ಲಿ ಜಪಾನೀ ಸೇನೆಯೊಡನೆ ಹೋರಾಡುವನು. ಬರ್ಮಾ ಬಾಯ್ ಎಂಬ ಹುಡುಗನು ಅವನ ಅನುಚರ. ಆ ರಣರಂಗವು ನಮಗೆ ತೀರ ದೂರದ್ದೇನೂ ಆಗಿರಲಿಲ್ಲ. ಅವೇ ವರ್ಷಗಳಲ್ಲಿ ಅಮೆರಿಕನ್ ಸೇನೆಯ ವಿಮಾನಗಳು ದುರಸ್ತಿಗಾಗಿ ನಮ್ಮ ಬೆಂಗಳೂರಿನ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಗೆ ಬರುತ್ತಿದ್ದುವು.

ಈ ವೀರನ ಚಿತ್ರಗಳಲ್ಲಿ ಒಂದು ವಿಲಕ್ಷಣ ಸಂಗತಿಯುಂಟು. ಅವನು ಬಹುಮಟ್ಟಿಗೆ ನಮಗೆ ಬೆನ್ನು ಮಾಡಿಯೇ ನಿಂತಿರುವನು. ತಿರುಗಿದನೆಂದರೆ ಎತ್ತಿದ ತೋಳೋ, ಹಾರುವ ಹೊದಿಕೆಯೋ, ದಟ್ಟವಾದ ನೆರಳೋ ಮುಖಕ್ಕೆ ಅಡ್ಡ ಬರುವುದು. ಅವನ ಪೂರ್ವವೃತ್ತಾಂತವನ್ನು ಹುಡುಗನು ಕೇಳಿದಾಗಲೆಲ್ಲ ಏನಾದರೊಂದು ವಿಘ್ನವೊದಗಿ, ಉತ್ತರವು ಅರ್ಧದಲ್ಲಿಯೇ ನಿಲ್ಲುವುದು.

ಇದಕ್ಕೆ ಕಾರಣವೇನು? ತನ್ನ ವೀರನು ಚೀನೀಯನಾಗಿರಬೇಕೆಂದು ಚಿತ್ರಕಾರನು ಬಯಸಿದನೆಂದೂ, ಪ್ರಕಾಶಕರು ಅದಕ್ಕೊಪ್ಪಲಿಲ್ಲವೆಂದೂ, ಆಗ ಅವನು ಮುಖವನ್ನೇ ಮರೆಮಾಡಿದನೆಂದೂ ಒಂದು ಮಾತು ಬಾಯಿಂದ ಬಾಯಿಗೆ ಬಂದಿದೆ. ಅದು ವದಂತಿಯೇ ಸರಿ. ಆದರೆ ಕಾಲವನ್ನು ನೋಡಿದರೆ ನಂಬಬಹುದೆನಿಸುತ್ತದೆ. ಚೀನೀ ಕೂಲಿಗಾರರು ಅಮೆರಿಕಾವನ್ನು ಪ್ರವೇಶಿಸದಂತೆ 1882ರಲ್ಲಿ ಮಾಡಿದ ಕಾನೂನು ರದ್ದಾದುದು 1943ರ ಡಿಸೆಂಬರಿನಲ್ಲಿ. ಆಮೇಲೂ ವರ್ಷಕ್ಕೆ 105 ಮಂದಿಗೆ ಮಾತ್ರ ಅವಕಾಶವಿತ್ತು. ಯುದ್ಧದಲ್ಲಿ ಚೀನಾ ಮಿತ್ರರಾಷ್ಟ್ರ. ಆದರೂ ಚೀನೀಯರಿಗೆ ಬಾಗಿಲು ತೆರೆದದ್ದು ಕೂದಲೆಳೆಯಷ್ಟು. ಅಚ್ಚಾದ ಪುಟಗಳಲ್ಲಿ ಹಸುರಾಮೆಯ ಮೈಗೆ ಅಸಹಜವೆನಿಸುವಷ್ಟು ಗುಲಾಬಿ ಬಣ್ಣವನ್ನು ಬಳಿದಿದ್ದರು. ಬಣ್ಣವು ಪರರದಾಯಿತು, ಮುಖವನ್ನಾದರೂ ಚಿತ್ರಕಾರನು ಬಿಟ್ಟುಕೊಡಲಿಲ್ಲವೆಂದು ತೋರುತ್ತದೆ.

ಇದನ್ನು ಬರೆಯುವಾಗ ವಿರಾಟಪರ್ವವು ನೆನಪಾಗದಿರದು. ಮಳೆ ಹಿಂದೆಗೆದ ವರ್ಷ ಕನ್ನಡ ನಾಡಿನ ಹಳ್ಳಿಗಳಲ್ಲಿ ಆ ಪರ್ವವನ್ನು ಓದಿಸುವ ವಾಡಿಕೆಯುಂಟು. ನಮ್ಮ ಕಾನಹೊಸಹಳ್ಳಿಯಂಥ ಬೆದ್ದಲು ಸೀಮೆಯವರಿಗೆ ಅದರ ಕಥೆಯನ್ನು ಹೊಸದಾಗಿ ಹೇಳಬೇಕಾದುದಿಲ್ಲ. ಗಾಂಡೀವಧರನು ಬೃಹನ್ನಳೆಯಾಗಿ ರಾಜಕುಮಾರಿಗೆ ನಾಟ್ಯವನ್ನು ಕಲಿಸುತ್ತಿದ್ದನು. ಆದರೆ ಆ ಅಜ್ಞಾತವಾಸಕ್ಕೆ ಒಂದು ವರ್ಷದ ಅವಧಿಯಿತ್ತು. ಹಸುರಾಮೆಗಾದರೋ ಅವಧಿಯೇ ಇಲ್ಲವಾಯಿತು. ಐದು ಸಂಚಿಕೆಗಳಾದ ಮೇಲೆ 1945ರಲ್ಲಿ ಅವನ ಕಥೆ ನಿಂತುಹೋಯಿತು.

ಎಪ್ಪತ್ತು ವರ್ಷಗಳ ತರುವಾಯ, 2014ರಲ್ಲಿ, ಚೀನೀ ಮನೆತನದವರಾದ ಅಮೆರಿಕಾದ ಜೀನ್ ಲುಯೆನ್ ಯಾಂಗ್ ಎಂಬ ಲೇಖಕರೂ ಸಿಂಗಾಪುರದ ಸೋನಿ ಲ್ಯೂ ಎಂಬ ಚಿತ್ರಕಾರರೂ ಕೂಡಿ ‘ದಿ ಷ್ಯಾಡೋ ಹೀರೋ’ ಎಂಬ ಗ್ರಂಥವನ್ನು ಹೊರತಂದರು. ಅದರಲ್ಲಿ ಹಸುರಾಮೆಯು ಚೀನೀ ಕೇರಿಯ ಕಿರಾಣಿ ವ್ಯಾಪಾರಿಯ ಮಗನು. ಮಗನಿಗೆ ವೀರನಾಗಬೇಕೆಂಬ ಹಂಬಲವಿಲ್ಲ. ಹಟ ಹಿಡಿದವಳು ತಾಯಿ. ಓದುಗರು ಕೊನೆಗೂ ಅವನ ಮುಖವನ್ನು ಕಂಡರು.

ಇನ್ನು ನಮ್ಮ ಮನೆಗಳ ಮಾತು. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈಯವರು 1967ರಲ್ಲಿ ಅಮರ ಚಿತ್ರಕಥೆಯನ್ನು ಕೈಗೊಂಡು, ನಮ್ಮ ಪುರಾಣಪುರುಷರನ್ನು ಮಕ್ಕಳ ಕಣ್ಣಿಗೆ ಪ್ರತ್ಯಕ್ಷರಾಗಿಸಿದರು. ಈ ಉಪಕಾರವು ಸಾಮಾನ್ಯವಲ್ಲ. ಆದರೂ ಆ ಪುಸ್ತಕಗಳಲ್ಲಿ ಸಜ್ಜನರಿಗೆ ಬಿಳುಪೂ ರಾಕ್ಷಸರಿಗೆ ಕಪ್ಪೂ ಮೀಸಲಾದುವೆಂದು ಬಲ್ಲವರು ಆಕ್ಷೇಪಿಸಿದ್ದಾರೆ. ಬಿಸಿಲುನಾಡಿನ ಕಪ್ಪು ಮೈಯ ಮಗುವು ಆ ಪುಟಗಳಲ್ಲಿ ತನ್ನ ಮುಖವನ್ನು ಯಾರಲ್ಲಿ ಕಾಣಬೇಕು? ದುಷ್ಟರಲ್ಲಿ ಮಾತ್ರವೇ?

ವ್ಯಾಸಭಾರತದಲ್ಲಿ ಇದಕ್ಕೆ ಸಮಾಧಾನವುಂಟು. ಶಮೀವೃಕ್ಷದ ಬಳಿ ಉತ್ತರನು ನಂಬದಿದ್ದಾಗ ಅರ್ಜುನನು ತನ್ನ ಹತ್ತು ಹೆಸರುಗಳನ್ನು ಹೇಳಿ ಪ್ರತಿಯೊಂದಕ್ಕೂ ಕಾರಣವನ್ನು ಕೊಡುವನು. ಹತ್ತನೆಯ ಹೆಸರು ಕೃಷ್ಣ; ಕಪ್ಪು ಕಾಂತಿಯ ಮಗನೆಂಬ ಅಕ್ಕರೆಯಿಂದ ತಂದೆಯು ಇಟ್ಟ ಹೆಸರದು. ದ್ರೌಪದಿಗೂ ಕೃಷ್ಣೆಯೆಂಬ ಹೆಸರಿದೆ. ಆದ ಕಾರಣ ತಾಯಂದಿರು ಚಿತ್ರಕಥೆಯನ್ನು ಓದಿ ಹೇಳುವಾಗ ಈ ಹತ್ತನೆಯ ಹೆಸರನ್ನು ಬಿಡದೆ ಹೇಳಲಿ. ‘ಅರ್ಜುನನು ನಿನ್ನ ಬಣ್ಣದವನೇ ಮಗು’ ಎಂಬ ಒಂದು ಮಾತನ್ನು ಕೇಳಿದ ಮಗುವು ಮುಖ ಮರೆಸಿಕೊಂಡು ಬೆಳೆಯಬೇಕಾದುದಿಲ್ಲ.