ಸಾದಾ ಗಡ್ಡೆಯೆಂದು ಕಾಯಬಾರದು

ನಮ್ಮ ಲೈನುಗಳಲ್ಲಿ ಸೊಂಟನೋವು ಹೊಸದಲ್ಲ. ದಿನವಿಡೀ ಇಳಿಜಾರಿನಲ್ಲಿ ನಿಂತು ಎಲೆ ಕಿತ್ತು, ಹೊರೆ ಹೊತ್ತು ತೂಕಕ್ಕೆ ತರುವವರು ನಾವು. ರಾತ್ರಿ ಎಣ್ಣೆ ತಿಕ್ಕಿ, ಬಿಸಿನೀರು ಹೊಯ್ದು, ಒಂದು ಮಾತ್ರೆ ನುಂಗಿ ಮಲಗುತ್ತೇವೆ. ಬಹಳ ಸಲ ಅಷ್ಟೇ ಸಾಕು. ಅಷ್ಟಕ್ಕೆ ಬಗ್ಗದ ನೋವೂ ಒಂದುಂಟು. ಅದನ್ನು ಎಲ್ಲರೂ ತಿಳಿದಿರಬೇಕೆಂದು ನಮ್ಮ ಅಭಿಪ್ರಾಯ.

ಕೆಲವರ ಮೂತ್ರಪಿಂಡದಲ್ಲಿ ರಕ್ತನಾಳ, ಸ್ನಾಯು, ಕೊಬ್ಬು ಮೂರೂ ಕೂಡಿದ ಗಡ್ಡೆಯೊಂದು ಬೆಳೆಯುತ್ತದೆ. ವೈದ್ಯರು ಇದನ್ನು ಆಂಜಿಯೋಮಯೋಲಿಪೋಮ ಎನ್ನುತ್ತಾರೆ. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಇದು ಸಾಮಾನ್ಯವಾಗಿ ಕ್ಯಾನ್ಸರ್ ಅಲ್ಲ. ಅನೇಕರಿಗೆ ಇರುವುದೇ ತಿಳಿಯುವುದಿಲ್ಲ. ಆದರೆ ಅದರೊಳಗಿನ ರಕ್ತನಾಳಗಳು ಬಲಹೀನ. ಗಡ್ಡೆ 4 ಸೆಂಟಿಮೀಟರಿಗಿಂತ ದೊಡ್ಡದಾದರೆ, ಅಥವಾ ಹೆಂಗಸು ಬಸುರಿಯಾಗಿದ್ದರೆ, ಒಡೆಯುವ ಭಯ ಹೆಚ್ಚು. ಒಡೆದರೆ ರಕ್ತ ಮೂತ್ರಪಿಂಡದ ಸುತ್ತ ಒಳಗೇ ತುಂಬುತ್ತದೆ. ಹೊರಗೆ ಒಂದು ಹನಿಯೂ ಕಾಣದಿರಬಹುದು. ಜರ್ಮನಿಯ ವೈದ್ಯ ವುಂಡರ್‌ಲಿಖ್ ಇಂಥ ರಕ್ತಸ್ರಾವವನ್ನು 1856ರಲ್ಲೇ ವರ್ಣಿಸಿದ್ದರು.

ಇದ್ದಕ್ಕಿದ್ದಂತೆ ಒಂದು ಪಕ್ಕೆಯಲ್ಲಿ ಕಡುನೋವು, ಅಲ್ಲಿ ಮುಟ್ಟಿದರೆ ನೋಯುವ ಉಬ್ಬು, ತಲೆಸುತ್ತು, ತಣ್ಣನೆಯ ಬೆವರು, ಬಿಳಿಚಿದ ಮುಖ, ಕೆಲವರಿಗೆ ಮೂತ್ರದಲ್ಲಿ ರಕ್ತ: ಇವು ಕಂಡರೆ ಬೆಳಗಾಗುವವರೆಗೆ ಕಾಯಬೇಡಿ. ಡಿಸ್ಪೆನ್ಸರಿಯ ಬಾಗಿಲಲ್ಲಿ ಚೀಟಿಗಾಗಿ ನಿಲ್ಲಲೂ ಬೇಡಿ. 108ಕ್ಕೆ ಫೋನು ಮಾಡಿ.

ಆಸ್ಪತ್ರೆಯಲ್ಲಿ ಮೊದಲು ಡ್ರಿಪ್ಸ್ ಹಾಕಿ, ಬೇಕಾದರೆ ರಕ್ತ ಕೊಟ್ಟು ಪ್ರಾಣ ಹಿಡಿಯುತ್ತಾರೆ. ಸಿಟಿ ಸ್ಕ್ಯಾನಿನಲ್ಲಿ ಗಡ್ಡೆಯೂ ರಕ್ತವೂ ಕಾಣುತ್ತವೆ. ರಕ್ತ ನಿಲ್ಲದಿದ್ದರೆ ತೊಡೆಸಂದಿನ ರಕ್ತನಾಳದಿಂದ ಸಣ್ಣ ಕೊಳವೆ ಹೊಗಿಸಿ, ಎಕ್ಸ್‌ರೇಯಲ್ಲಿ ನೋಡುತ್ತಾ, ಗಡ್ಡೆಗೆ ರಕ್ತ ಹರಿಸುವ ನಾಳವನ್ನಷ್ಟೇ ಮುಚ್ಚುತ್ತಾರೆ. ಇದಕ್ಕೆ ಎಂಬೋಲೈಸೇಷನ್ ಎಂದು ಹೆಸರು. ಹೊಟ್ಟೆ ಕೊಯ್ಯಬೇಕಿಲ್ಲ, ಮೂತ್ರಪಿಂಡದ ಬಹುಭಾಗ ಉಳಿಯುತ್ತದೆ. ಟ್ಯೂಬರಸ್ ಸ್ಕ್ಲೆರೋಸಿಸ್ ಎಂಬ ಹುಟ್ಟುರೋಗದವರಿಗೆ ಸಾಮಾನ್ಯವಾಗಿ ಎರಡೂ ಕಡೆ ಇಂಥ ಗಡ್ಡೆಗಳಿರುವುದರಿಂದ ಹೀಗೆ ಉಳಿಸುವುದು ಅವರಿಗೆ ಬಹಳ ಮುಖ್ಯ. ಆದುದರಿಂದ, "ಇಲ್ಲಿ ಎಂಬೋಲೈಸೇಷನ್ ಇದೆಯೇ, ಇಲ್ಲದಿದ್ದರೆ ಎಲ್ಲಿಗೆ ಕಳಿಸುತ್ತೀರಿ?" ಎಂದು ಡಾಕ್ಟರನ್ನು ಕೇಳಲು ಅಂಜಬೇಡಿ. ಕೇಳುವುದು ಅಧಿಕಪ್ರಸಂಗವಲ್ಲ.

ಹಾಗೆಂದು ದೊಡ್ಡ ಆಸ್ಪತ್ರೆಯನ್ನೇ ಹುಡುಕುತ್ತಾ ರೋಗಿಯನ್ನು ದಾರಿಯಲ್ಲಿ ಕಳೆದುಕೊಳ್ಳಬಾರದು. ರಕ್ತದೊತ್ತಡ ಬೀಳುತ್ತಿದ್ದರೆ ರಕ್ತ ಕೊಡಬಲ್ಲ ಹತ್ತಿರದ ಆಸ್ಪತ್ರೆಯೇ ಮೊದಲು. ಬೇರೆ ದಾರಿಯಿಲ್ಲದೆ ಮೂತ್ರಪಿಂಡವನ್ನೇ ತೆಗೆಯಬೇಕೆಂದು ಡಾಕ್ಟರು ಹೇಳಿದರೆ ಒಪ್ಪಿಗೆ ತಡಮಾಡಬಾರದು. ಇನ್ನೊಂದು ಚೆನ್ನಾಗಿದ್ದರೆ ಒಂದರಲ್ಲೇ ಬದುಕಬಹುದು.

ಬದುಕಿ ಬಂದವರು ಸ್ಕ್ಯಾನಿನ ಕಾಗದವನ್ನು ರೇಷನ್ ಕಾರ್ಡಿನಂತೆ ಜೋಪಾನ ಮಾಡಬೇಕು. ಗಡ್ಡೆ ಮತ್ತೆ ಬೆಳೆಯಬಹುದು. ಡಾಕ್ಟರು ಹೇಳಿದಾಗಲೆಲ್ಲ ಪರೀಕ್ಷೆ ಮಾಡಿಸಬೇಕು.

ಇದೆಲ್ಲ ತಿಳಿದೂ ರಾತ್ರಿ ಹೊತ್ತು ಬೆಟ್ಟ ಇಳಿಸಲು ಗಾಡಿಯಿಲ್ಲದಿದ್ದರೆ ಏನು ಪ್ರಯೋಜನ? ಕಾರ್ಖಾನೆಗೆ ಎಲೆ ಸಾಗಿಸಲು ಲಾರಿ ಸಿಗುತ್ತದೆ. ಎಲೆ ಕಿತ್ತವಳನ್ನು ಸಾಗಿಸಲು ಡ್ರೈವರನ್ನು ಹುಡುಕಬೇಕಾಗುತ್ತದೆ. ಪ್ರತಿ ಎಸ್ಟೇಟಿನಲ್ಲೂ ರಾತ್ರಿಗೆ ಒಂದು ಗಾಡಿ, ಒಬ್ಬ ಡ್ರೈವರು ಇರಲೇಬೇಕೆಂದು ಬರುವ ಸಂಘದ ಸಭೆಯಲ್ಲಿ ಒತ್ತಾಯಿಸೋಣ. ಪ್ರತಿ ಲೈನಿನಲ್ಲೂ ರಕ್ತ ಕೊಡಲು ಒಪ್ಪುವವರ ಹೆಸರು, ರಕ್ತದ ಗುಂಪು ಬರೆದ ಪಟ್ಟಿಯೊಂದನ್ನು ತೂಗುಹಾಕೋಣ. ಗಾಡಿ ಮಾಲೀಕರು ಕೊಡಬೇಕು. ಪಟ್ಟಿಯನ್ನು ನಾವೇ ಈ ಭಾನುವಾರ ಬರೆಯಬಹುದು.