ನರಸಿಂಹ ಗೆದ್ದ, ಕೆಲಸ ಯಾರಿಗೆ?

2025ರ ಜುಲೈ 25ರಂದು ತೆರೆಕಂಡ ‘ಮಹಾವತಾರ್ ನರಸಿಂಹ’ದಲ್ಲಿ ಸ್ಟಾರ್ ನಟ ಇರಲಿಲ್ಲ, ಕಟೌಟ್‌ಗೆ ಹಾಲೆರೆಯುವ ಅಭಿಮಾನಿಗಳೂ ಇರಲಿಲ್ಲ. ಮೊದಲ ದಿನ ದೇಶದಲ್ಲಿ ಆದ ಗಳಿಕೆ ಎರಡು ಕೋಟಿ ರೂಪಾಯಿಯನ್ನೂ ಮುಟ್ಟಲಿಲ್ಲ. ಕೊನೆಗೆ ವಿಶ್ವದಾದ್ಯಂತ 300 ಕೋಟಿ ದಾಟಿತು. ನಮ್ಮ ದೇಶದಲ್ಲಿ ತಯಾರಾದ ಬೇರೆ ಯಾವ ಅನಿಮೇಷನ್ ಚಿತ್ರವೂ ಇಷ್ಟು ದುಡ್ಡು ಕಂಡಿಲ್ಲ. ನಮ್ಮ ಜಿಲ್ಲೆಯ ಚಿನ್ನದ ಗಣಿಯ ಹೆಸರಲ್ಲಿ ‘ಕೆಜಿಎಫ್’ ತೆಗೆದ ಬೆಂಗಳೂರಿನ ಹೊಂಬಾಳೆ ಫಿಲ್ಮ್ಸ್ ಇದನ್ನು ಅರ್ಪಿಸಿತು. ತಯಾರಿಸಿದ್ದು ಕ್ಲೀಮ್ ಪ್ರೊಡಕ್ಷನ್ಸ್, ನಿರ್ದೇಶಕರು ಅಶ್ವಿನ್ ಕುಮಾರ್.

ಗೆದ್ದದ್ದು ಹೇಗೆ? ‘ಭಕ್ತಿಯಿಂದ’ ಎಂದು ಒಂದೇ ಮಾತಲ್ಲಿ ಮುಗಿಸುವವರೇ ಹೆಚ್ಚು. ಭಕ್ತಿಚಿತ್ರಗಳು ಸೋತದ್ದೂ ಉಂಟಲ್ಲ. ಶ್ರೀನಿವಾಸಪುರ ತಾಲ್ಲೂಕಿನ ನಮ್ಮ ಯಲ್ದೂರಿನಿಂದ ನೋಡಿದರೆ ಬೇರೆ ಎರಡು ಕಾರಣ ಕಾಣುತ್ತವೆ. ಒಂದು ಭಾಷೆ. ಇಲ್ಲಿ ಎಷ್ಟೋ ಮನೆಗಳಲ್ಲಿ ಮಾತು ತೆಲುಗು, ಶಾಲೆಯಲ್ಲಿ ಕಲಿಕೆ ಕನ್ನಡ. ಬೇರೆ ಡಬ್ಬಿಂಗ್ ಚಿತ್ರಗಳಲ್ಲಿ ನಟನ ತುಟಿ ಒಂದು ಹೇಳಿದರೆ ಕಿವಿಗೆ ಇನ್ನೊಂದು ಬೀಳುತ್ತದೆ. ಅನಿಮೇಷನ್‌ನಲ್ಲಿ ಆ ಕಿರಿಕಿರಿ ಕಡಿಮೆ. ಪ್ರಹ್ಲಾದ ಯಾವ ಭಾಷೆ ಆಡಿದರೂ ಅವನದೇ ಅನ್ನಿಸುತ್ತದೆ. ಎರಡನೆಯದು ಸರಳ ಲೆಕ್ಕ. ಒಂದು ಮಗು ಹಟ ಹಿಡಿದರೆ ಅಪ್ಪ, ಅಮ್ಮ, ಅಜ್ಜಿ ಸೇರಿ ನಾಲ್ಕು ಟಿಕೆಟ್. ಅದರಲ್ಲೂ 1983ರ ‘ಭಕ್ತ ಪ್ರಹ್ಲಾದ’ದಲ್ಲಿ ಡಾ. ರಾಜ್ ಮತ್ತು ಪುನೀತ್‌ರನ್ನು ನೋಡಿದ ಅಜ್ಜಿಗೆ ಕತೆ ವಿವರಿಸಬೇಕಾಗಿಯೇ ಇಲ್ಲ. (ಚಿತ್ರಣ ಕೆಲವು ಕಡೆ ಹಳೆಯ ವಿಡಿಯೊ ಗೇಮ್‌ನಂತಿದೆ ಎಂಬುದು ನನ್ನ ತಕರಾರು. ಅಜ್ಜಿಯರಿಗೆ ಅದು ಲೆಕ್ಕಕ್ಕೇ ಬರುವುದಿಲ್ಲ.)

ಪದವಿ ಮುಗಿಸಿ ಕೆಲಸ ಹುಡುಕುವ ನಮ್ಮಂಥವರಿಗೆ ಮುಖ್ಯವಾದದ್ದು ಮುಂದಿನ ಪ್ರಶ್ನೆ. ಇದು ಏಳು ಚಿತ್ರಗಳ ಸರಣಿ. 2027ಕ್ಕೆ ಪರಶುರಾಮ, ಆಮೇಲೆ ಎರಡು ವರ್ಷಕ್ಕೊಂದರಂತೆ 2037ರ ಕಲ್ಕಿಯವರೆಗೆ ಘೋಷಣೆಯಾಗಿದೆ. ಆಗ ನನಗೆ ಮೂವತ್ತೆರಡು. ಇದನ್ನು ನಂಬಿ ಬದುಕು ಕಟ್ಟಬಹುದೇ?

ಇತಿಹಾಸ ಅಷ್ಟು ಧೈರ್ಯ ಕೊಡುವುದಿಲ್ಲ. 2005ರಲ್ಲಿ ‘ಹನುಮಾನ್’ ಗೆದ್ದಾಗಲೂ ಅನಿಮೇಷನ್ ಯುಗ ಬಂತು ಎಂದರು. 2008ರಲ್ಲಿ ಯಶ್‌ರಾಜ್ ಮತ್ತು ಡಿಸ್ನಿ ಸೇರಿ ಮಾಡಿದ ‘ರೋಡ್‌ಸೈಡ್ ರೋಮಿಯೊ’ ಓಡಲಿಲ್ಲ, ಯುಗವೂ ಬರಲಿಲ್ಲ. ಚೀನಾದಲ್ಲಿ ಹಾಗಾಗಲಿಲ್ಲ. 2019ರ ‘ನೆಝಾ’ ಗೆದ್ದ ಮೇಲೆ 2025ರಲ್ಲಿ ಬಂದ ಎರಡನೆಯ ಭಾಗ 200 ಕೋಟಿ ಡಾಲರ್ ದಾಟಿತು. ಎರಡನೆಯ ಚಿತ್ರ ಮೊದಲನೆಯದಕ್ಕಿಂತ ಚೆನ್ನಾಗಿ ಬಂದರೆ ಮಾತ್ರ ಸರಣಿ ಉಳಿಯುತ್ತದೆ. ಹಾಗಾಗಿ ನಾನು 2027ರ ಪರಶುರಾಮನಿಗೆ ಕಾಯುತ್ತಿದ್ದೇನೆ.

ಕರ್ನಾಟಕ 2012ರಲ್ಲೇ ಅನಿಮೇಷನ್, ಗೇಮಿಂಗ್ ಕ್ಷೇತ್ರಕ್ಕೆ ಪ್ರತ್ಯೇಕ ನೀತಿ ತಂದ ರಾಜ್ಯ. 2024ರಲ್ಲಿ ಹೊಸ ನೀತಿಯೂ ಬಂತು. ಆದರೆ ಅದರ ಫಲವೆಲ್ಲ ಬೆಂಗಳೂರಿನಲ್ಲೇ ಉಳಿದರೆ, ರಾಜಧಾನಿಯ ಮಗ್ಗುಲಲ್ಲೇ ಇರುವ ಕೋಲಾರಕ್ಕೆ ಏನು ದಕ್ಕೀತು? ನಮ್ಮ ಹುಡುಗರು ಚಿತ್ರ ಬರೆಯಲು ಬಾರದವನಿಗೆ ಅಲ್ಲಿ ಕೆಲಸವಿಲ್ಲ ಎಂದುಕೊಂಡಿದ್ದಾರೆ. ತೊಗಲುಗೊಂಬೆಗೆ ಕಡ್ಡಿ ಕಟ್ಟಿದ ಹಾಗೆ ಪಾತ್ರದ ಕೀಲುಗಳನ್ನು ಜೋಡಿಸುವುದಕ್ಕೆ ರಿಗ್ಗಿಂಗ್ ಎನ್ನುತ್ತಾರೆ. ಅದರ ಹಿಂದಿರುವುದು ನಾವು ಪರೀಕ್ಷೆಗೆಂದು ಉರು ಹೊಡೆದ ಮ್ಯಾಟ್ರಿಕ್ಸ್ ಲೆಕ್ಕ. ಸಾವಿರಾರು ಫ್ರೇಮ್‌ಗಳ ರೆಂಡರಿಂಗ್ ನಿಭಾಯಿಸಲು ಪೈಥಾನ್ ಬಲ್ಲವರು ಬೇಕು. ನಮ್ಮ ಕಾಲೇಜುಗಳ ಪ್ಲೇಸ್‌ಮೆಂಟ್ ತರಗತಿಗಳಲ್ಲಿ ಇದನ್ನು ಒಮ್ಮೆಯಾದರೂ ಹೇಳಿದವರು ಇದ್ದಾರೆಯೇ?