ಖಾಲಿ ಕುರ್ಚಿ ಉಳಿತಾಯವಲ್ಲ

ಆಡಳಿತ ಸುಧಾರಣೆಯ ಮಾತು ಕರ್ನಾಟಕಕ್ಕೆ ಹೊಸತಲ್ಲ. 1956ರಲ್ಲಿ ಮೈಸೂರು, ಮುಂಬಯಿ, ಮದರಾಸು, ಹೈದರಾಬಾದು, ಕೊಡಗು ಎಂಬ ಐದು ಆಡಳಿತಗಳ ನೌಕರರೂ ನಿಯಮಗಳೂ ಒಂದೇ ಸೂರಿನಡಿ ಬಂದು ಸೇರಿದ ಎರಡೇ ವರ್ಷಕ್ಕೆ, ಮುಂಬಯಿಯ ನಿವೃತ್ತ ಐ.ಸಿ.ಎಸ್. ಅಧಿಕಾರಿ ಎ. ಡಿ. ಗೋರ್‌ವಾಲಾ ಅವರು ಆ ರಾಜ್ಯದ ಆಡಳಿತವನ್ನು ನೇರ್ಪಡಿಸುವ ಕುರಿತು ವರದಿ ಬರೆದರು. ಎಸ್. ಎಂ. ಕೃಷ್ಣ ಅವರ ಕಾಲದಲ್ಲಿ ಹಾರನಹಳ್ಳಿ ರಾಮಸ್ವಾಮಿ ಆಯೋಗ ಬಂತು. 2021ರಲ್ಲಿ ಟಿ. ಎಂ. ವಿಜಯಭಾಸ್ಕರ್ ಅಧ್ಯಕ್ಷತೆಯ ಎರಡನೆಯ ಆಯೋಗ ನೇಮಕವಾಗಿ ಒಂದರ ಹಿಂದೊಂದು ವರದಿ ನೀಡಿತು. ಬಳಿಕ ಆ ಹೊಣೆ ಆರ್. ವಿ. ದೇಶಪಾಂಡೆ ಅವರ ಹೆಗಲಿಗೇರಿತು. ವರದಿಗಳಿಗೆ ನಮ್ಮಲ್ಲಿ ಎಂದೂ ಬರಗಾಲ ಬಂದಿಲ್ಲ.

ಆದರೆ ವರದಿಗಳಿಂದ ಸರಕಾರಗಳು ಆಯ್ದುಕೊಳ್ಳುವುದು ಯಾವುದನ್ನು? 1997ರಲ್ಲಿ ಕೇಂದ್ರದ ಐದನೆಯ ವೇತನ ಆಯೋಗವು ಸಂಬಳ ಏರಿಸುವುದರೊಡನೆ ನೌಕರರ ಸಂಖ್ಯೆಯನ್ನು ಸುಮಾರು ಶೇಕಡಾ 30ರಷ್ಟು ಇಳಿಸಬೇಕೆಂದೂ ಹೇಳಿತ್ತು. ಸಂಬಳ ಏರಿತು, ಎರಡನೆಯ ಮಾತು ಕಡತದಲ್ಲೇ ಉಳಿಯಿತು. (ಆ ಏರಿಕೆಯ ಫಲವನ್ನು ಈ ಪಂಕ್ತಿಗಳ ಲೇಖಕನೂ ಉಂಡಿದ್ದಾನೆ.) ಅದೇ ಹಾದಿ ಹಿಡಿದ ರಾಜ್ಯಗಳ ಬೊಕ್ಕಸಗಳು ಬಹುಕಾಲ ಬಳಲಿದವು.

ಕರ್ನಾಟಕದಲ್ಲಿ ಕಾಣುವುದು ಇದರ ಇನ್ನೊಂದು ಮುಖ. 2024ರ ಆಗಸ್ಟಿನಿಂದ ಏಳನೆಯ ರಾಜ್ಯ ವೇತನ ಆಯೋಗದ ಶಿಫಾರಸು ಜಾರಿಗೆ ಬಂದಾಗ, ಮಂಜೂರಾದ ಹುದ್ದೆಗಳಲ್ಲಿ ಎರಡೂವರೆ ಲಕ್ಷದಷ್ಟು ಖಾಲಿ ಇದ್ದವು. ಇದನ್ನು ಮಿತವ್ಯಯವೆನ್ನಲಾಗದು. ಯಾವ ಹುದ್ದೆ ಬೇಡವೆಂದು ವಿಚಾರಮಾಡಿ ರದ್ದುಪಡಿಸಿದ್ದಲ್ಲ. ಯಾರು ನಿವೃತ್ತರಾದರೋ ಅವರ ಕುರ್ಚಿ ಬರಿದಾಯಿತು, ಅಷ್ಟೆ. ಕೆಲಸಕ್ಕೆ ಮಾತ್ರ ನಿವೃತ್ತಿಯಿಲ್ಲ. ಅದು ಪಕ್ಕದ ಮೇಜಿಗೆ ‘ಹೆಚ್ಚುವರಿ ಪ್ರಭಾರ’ವಾಗಿ ಹೋಗುತ್ತದೆ, ಇಲ್ಲವೇ ಹೊರಗುತ್ತಿಗೆಯ ಹುಡುಗನ ಕೈಸೇರುತ್ತದೆ. ಆತನಿಗೆ ಸಂಬಳ ಕಡಿಮೆ, ನಾಳೆಯ ಭರವಸೆಯಿಲ್ಲ. ನಡುವೆ ಗುತ್ತಿಗೆದಾರನ ಪಾಲು ಬೇರೆ.

2024ರ ಸೆಪ್ಟೆಂಬರಿನಲ್ಲಿ ಗ್ರಾಮ ಆಡಳಿತಾಧಿಕಾರಿಗಳು (ನಮ್ಮ ತಲೆಮಾರಿನ ಬಾಯಲ್ಲಿ ಈಗಲೂ ಶಾನುಭೋಗರು, ಕುಲಕರ್ಣಿಯವರು) ಮುಷ್ಕರ ಹೂಡಿದರು. ಹತ್ತಾರು ಆ್ಯಪ್‌ಗಳಲ್ಲಿ ಮಾಹಿತಿ ತುಂಬಬೇಕು, ಅದಕ್ಕೆ ತಕ್ಕ ಸೌಲಭ್ಯಗಳಿಲ್ಲ ಎಂಬುದು ಅವರ ಮುಖ್ಯ ದೂರು. ರಾಜಧಾನಿಯಲ್ಲಿ ಒಂದೊಂದು ಯೋಜನೆಯೂ ತನ್ನ ದಕ್ಷತೆಯನ್ನು ಒಂದೊಂದು ತಂತ್ರಾಂಶದಲ್ಲಿ ಸಾಧಿಸಿಕೊಂಡಿತು; ಅವೆಲ್ಲ ಬಂದು ಕೂಡಿದ್ದು ಹಳ್ಳಿಯ ಒಬ್ಬನೇ ಮನುಷ್ಯನ ಮೊಬೈಲಿನಲ್ಲಿ.

ಯಂತ್ರವೇ ತಪ್ಪೆಂದಲ್ಲ. ಇದೇ ರಾಜ್ಯ 2001ರ ಹೊತ್ತಿಗೆ ‘ಭೂಮಿ’ ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೇರಿಸಿ ದೇಶಕ್ಕೆ ಮಾದರಿಯಾಯಿತು. ಅದರ ಗುಟ್ಟು ಗಣಕದಲ್ಲಿರಲಿಲ್ಲ. ಕೈಬರಹದ ಪಹಣಿಗೆ ಮಾನ್ಯತೆಯಿಲ್ಲವೆಂದು ಸಾರಲಾಯಿತು. 15 ರೂಪಾಯಿ ಕೊಟ್ಟವನಿಗೆ ಪ್ರತಿ ಸಿಕ್ಕಿತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡಬೇಕಾಯಿತು. ರೈತನಿಗೂ ಕಾಣುವಂತೆ ಅವನತ್ತ ಇನ್ನೊಂದು ಪರದೆಯನ್ನು ಇರಿಸಲಾಯಿತು. ಅಂದರೆ ಒಂದು ಮೆಟ್ಟಿಲನ್ನೂ ಒಬ್ಬರ ಮರ್ಜಿಯನ್ನೂ ತೆಗೆದುಹಾಕಲಾಯಿತು. 2012ರಲ್ಲಿ ಬಂದ ‘ಸಕಾಲ’ವು ಗಡುವನ್ನು ಗೊತ್ತುಮಾಡಿ ವಿಳಂಬಕ್ಕೆ ದಿನಕ್ಕೆ 20 ರೂಪಾಯಿ ಪರಿಹಾರವನ್ನೂ ವಿಧಿಸಿತು, ಆದರೆ ಗಡುವು ವಿಧಿಸಿದ ಮಾತ್ರಕ್ಕೆ ಮೆಟ್ಟಿಲುಗಳು ಕಡಿಮೆಯಾಗುವುದಿಲ್ಲ.

ಹೊರನಾಡಿನಲ್ಲಿರುವ ನಮಗೆ ಈ ಮೆಟ್ಟಿಲುಗಳ ಬೆಲೆ ಚೆನ್ನಾಗಿ ಗೊತ್ತು. ಊರಿನ ಎರಡೆಕರೆ ಹೊಲದ ಪೌತಿ ಖಾತೆಗಾಗಿ ರಜೆ ಹಾಕಿ, ರಾತ್ರಿ ರೈಲು ಹಿಡಿದು ತಾಲೂಕು ಕಚೇರಿಯ ಬಾಗಿಲಿಗೆ ಹೋದವನಿಗೆ ‘ಸಾಹೇಬರು ಪ್ರಭಾರದಲ್ಲಿದ್ದಾರೆ, ಸೋಮವಾರ ಬನ್ನಿ’ ಎಂಬ ಉತ್ತರ ದೊರೆತರೆ, ಆ ಖರ್ಚನ್ನು ಬರೆಯಲು ಸರಕಾರದ ಆಯವ್ಯಯದಲ್ಲಿ ಅಂಕಣವೇ ಇಲ್ಲ.

ಆದ್ದರಿಂದ ಕತ್ತರಿ ವಿಧಾನಸೌಧದಿಂದಲೇ ಆರಂಭವಾಗಲಿ. ವಿಷಯ ನಿರ್ವಾಹಕನ ಟಿಪ್ಪಣಿಯನ್ನೇ ಶಾಖಾಧಿಕಾರಿ, ಅಧೀನ ಕಾರ್ಯದರ್ಶಿ, ಉಪ ಕಾರ್ಯದರ್ಶಿ ಮತ್ತೆ ಮತ್ತೆ ಬರೆದು ಮೇಲಕ್ಕೆ ಕಳಿಸುವ ಪದ್ಧತಿಯಲ್ಲಿ ಎರಡು ಹಂತಗಳನ್ನಾದರೂ ಕೈಬಿಡಬಹುದು. ಅಲ್ಲಿ ಉಳಿದ ಹಣದಿಂದ ತಾಲೂಕಿನ ಖಾಲಿ ಹುದ್ದೆಗಳನ್ನು ತುಂಬಲಿ; ಅಲ್ಲಿಯೇ ಮುಗಿಯಬಹುದಾದ ನಿರ್ಣಯದ ಅಧಿಕಾರವನ್ನೂ ಅಲ್ಲಿಗೇ ಕೊಡಲಿ. ಇದುವರೆಗಿನ ಶಿಫಾರಸುಗಳಲ್ಲಿ ಯಾವುದನ್ನು ಒಪ್ಪಿದೆ, ಯಾವುದನ್ನು ಏಕೆ ಬಿಟ್ಟಿದೆ ಎಂಬುದನ್ನು ಸರಕಾರ ಪ್ರತಿ ವರ್ಷ ಸದನದ ಮುಂದಿಡಲಿ.

ಊರಿನ ಕಚೇರಿಗಳಲ್ಲಿ ತಮ್ಮ ಅರ್ಜಿ ಎಷ್ಟು ಮೇಜು ದಾಟಿತು, ಎಷ್ಟು ದಿನ ಹಿಡಿಯಿತು ಎಂಬುದನ್ನು ಸದಸ್ಯ ಬಾಂಧವರು ದಿನಾಂಕ ಸಹಿತ ಬರೆದು ತಿಳಿಸಿದರೆ, ಅವನ್ನೆಲ್ಲ ಕ್ರೋಡೀಕರಿಸಿ ಸರಕಾರಕ್ಕೆ ಕಳುಹಿಸಲು ಪತ್ರಿಕೆ ಸಿದ್ಧವಿದೆ.